₹82,900ರ ಫೋನು, ಆರು ಕಂತು: ಐಫೋನ್ 17 ಮತ್ತು ‘ನೋ ಕಾಸ್ಟ್ ಇಎಂಐ’ ವಿಮರ್ಶೆ

ಈ ವಿಮರ್ಶೆ ಎರಡು ಸರಕುಗಳನ್ನು ಕುರಿತದ್ದು. ಒಂದು, 2025ರ ಸೆಪ್ಟೆಂಬರ್ 19ರಂದು ಭಾರತದಲ್ಲಿ ಮಾರಾಟಕ್ಕೆ ಬಂದ ಐಫೋನ್ 17. ಬಿಡುಗಡೆಯ ಹೊತ್ತಿಗೆ ಅದರ 256 ಜಿಬಿ ಮಾದರಿಯ ಬೆಲೆ ₹82,900. ಇನ್ನೊಂದು, ಅದನ್ನು ಕೊಳ್ಳಲು ನಾನು ಬಳಸಿದ, ಆರು ತಿಂಗಳ ‘ನೋ ಕಾಸ್ಟ್ ಇಎಂಐ’ (ಬಡ್ಡಿಯಿಲ್ಲದ ಮಾಸಿಕ ಕಂತು) ಎಂಬ ಸಾಲ ಸೌಲಭ್ಯ. ಇವೆರಡನ್ನೂ ಒಟ್ಟಿಗೆ ಪರಿಶೀಲಿಸಲು ಕಾರಣವಿದೆ. ದುಬಾರಿ ಫೋನುಗಳ ಮಾರಾಟ ಏರಿದ ಸುದ್ದಿ ಬಂದಾಗಲೆಲ್ಲ, ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದೆ, ದೇಶದ ಆರ್ಥಿಕತೆ ಗಟ್ಟಿಯಾಗಿದೆ ಎಂಬುದಕ್ಕೆ ಅದನ್ನೇ ಪುರಾವೆಯಾಗಿ ಮುಂದಿಡುವುದು ರೂಢಿಯಾಗಿಬಿಟ್ಟಿದೆ. ಹಾಗೆ ಹೇಳುವವರು ಅಂಗಡಿಯಿಂದ ಹೊರಗೆ ಹೋಗುವ ಫೋನಿನ ಪೆಟ್ಟಿಗೆಯನ್ನು ಎಣಿಸುತ್ತಾರೆ. ಅದೇ ಮೇಜಿನ ಮೇಲೆ, ಅದೇ ಹೊತ್ತಿನಲ್ಲಿ ಮಾರಾಟವಾಗುವ ಸಾಲವನ್ನು ಎಣಿಸುವುದಿಲ್ಲ. ಎರಡನ್ನೂ ಕೊಂಡು ಬಳಸಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ದುಬಾರಿ ಫೋನಿನ ಮಾರಾಟವು ಮೇಲಿನ ಒಂದು ಪದರದ ಆದಾಯವನ್ನೂ ಸಾಲ ಎಷ್ಟು ಸುಲಭವಾಗಿ ಸಿಗುತ್ತಿದೆ ಎಂಬುದನ್ನೂ ಚೆನ್ನಾಗಿ ತೋರಿಸುತ್ತದೆ, ಆದರೆ ಉಳಿದವರ ಸ್ಥಿತಿಗತಿಯ ಬಗ್ಗೆ ಬಹುಮಟ್ಟಿಗೆ ಮೌನವಾಗಿರುತ್ತದೆ.

ಮೊದಲು ಫೋನಿನ ವಿಷಯ. ಇದು ನಿಜಕ್ಕೂ ಒಳ್ಳೆಯ ಫೋನು. 6.3 ಅಂಗುಲದ ಪರದೆ ಈಗ 120 ಹರ್ಟ್ಸ್ ವೇಗದಲ್ಲಿ ಕೆಲಸ ಮಾಡುವುದರಿಂದ ಬೆರಳಿನ ಚಲನೆಗೂ ಪರದೆಯ ಚಲನೆಗೂ ನಡುವೆ ಎಳೆತ ಕಾಣುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಇದರ ಕಾಲು ಭಾಗದ ಬೆಲೆಗೆ ವರ್ಷಗಳಿಂದ ಸಿಗುತ್ತಿದ್ದ ಈ ಅನುಕೂಲ ಆಪಲ್‌ನ ಮೂಲ ಮಾದರಿಗೆ ತಡವಾಗಿಯಾದರೂ ಬಂದಿದೆ. ಹೊರಾಂಗಣದಲ್ಲಿ ಪರದೆಯ ಬೆಳಕು 3,000 ನಿಟ್ಸ್‌ವರೆಗೆ ಏರುವುದರಿಂದ ಹುಬ್ಬಳ್ಳಿಯ ಮಧ್ಯಾಹ್ನದ ಬಿಸಿಲಿನಲ್ಲೂ ಕೈಯಡ್ಡ ಹಿಡಿಯದೆ ಓದಬಹುದು. ಹಿಂಬದಿಯ ಎರಡೂ ಕ್ಯಾಮೆರಾಗಳು 48 ಮೆಗಾಪಿಕ್ಸೆಲ್‌ನವು. ಮುಂಬದಿಯ 18 ಮೆಗಾಪಿಕ್ಸೆಲ್ ಕ್ಯಾಮೆರಾ ಮಾತ್ರ ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ: ಅದರ ಸಂವೇದಕ ಚೌಕಾಕಾರದ್ದಾಗಿರುವುದರಿಂದ ಫೋನನ್ನು ನೆಟ್ಟಗೆ ಹಿಡಿದುಕೊಂಡೇ ಅಡ್ಡ ಚಿತ್ರ ತೆಗೆಯಬಹುದು, ಮನೆಮಂದಿಯೆಲ್ಲ ನಿಂತ ಚಿತ್ರದಲ್ಲಿ ತುದಿಯಲ್ಲಿದ್ದವರ ಅರ್ಧ ಮುಖ ಕತ್ತರಿಸಿ ಹೋಗುವುದಿಲ್ಲ. ದೂರದ ದೃಶ್ಯಕ್ಕೆಂದೇ ಇರುವ ಟೆಲಿಫೋಟೊ ಮಸೂರ ಇಲ್ಲ. ಅದು ಬೇಕಾದವರು, ಬಿಡುಗಡೆಯ ಹೊತ್ತಿಗೆ ₹1,34,900 ಇದ್ದ ಪ್ರೊ ಮಾದರಿಗೆ ಹೋಗಬೇಕು. ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲ, ಕೇಬಲ್ ಮಾತ್ರ. ಐಫೋನ್ 16 ಬಿಡುಗಡೆಯಾದಾಗ 128 ಜಿಬಿಗೆ ₹79,900 ಇತ್ತು ಎಂಬುದನ್ನು ನೆನೆದರೆ, ಈ ಸಲ ₹3,000 ಹೆಚ್ಚಿಗೆ ಎರಡರಷ್ಟು ಸಂಗ್ರಹ ಸಾಮರ್ಥ್ಯವೂ ಉತ್ತಮ ಪರದೆಯೂ ಸಿಗುತ್ತಿರುವುದು ಕೊಳ್ಳುವವರಿಗೆ ಲಾಭದ ಮಾತೇ.

ಬೆಲೆಯ ನ್ಯಾಯಾನ್ಯಾಯ ತೀರ್ಮಾನವಾಗುವುದು ಎಷ್ಟು ವರ್ಷ ಬಳಸುತ್ತೇವೆ ಎಂಬುದರ ಮೇಲೆ. 2018ರಲ್ಲಿ ಬಂದ ಐಫೋನ್ ಎಕ್ಸ್‌ಎಸ್‌ಗೆ ಫೋನನ್ನು ನಡೆಸುವ ತಂತ್ರಾಂಶದ 2024ರ ಆವೃತ್ತಿ ಐಒಎಸ್ 18 ಸಿಕ್ಕಿತು. 2019ರ ಐಫೋನ್ 11ಕ್ಕೆ 2025ರ ಐಒಎಸ್ 26 ಸಿಕ್ಕಿತು. ಆ ಲೆಕ್ಕದಲ್ಲಿ ಆರು ವರ್ಷ ಬಳಸಬಹುದು ಎಂದುಕೊಂಡರೆ ವರ್ಷಕ್ಕೆ ಬೀಳುವುದು ₹13,817. ಇದೇ ಮೊತ್ತವನ್ನು ನಾನು ತಿಂಗಳಿಗೊಮ್ಮೆಯಂತೆ ಆರು ತಿಂಗಳು ಕಟ್ಟಿದ್ದೇನೆ. ಆರು ವರ್ಷದ ಬಳಕೆಯನ್ನು ಆರು ತಿಂಗಳ ಸಂಬಳದಿಂದ ಮುಂಚಿತವಾಗಿ ಕತ್ತರಿಸಿ ಕೊಡುವ ವ್ಯವಹಾರ ಇದು. ಎರಡು ವರ್ಷಕ್ಕೊಮ್ಮೆ ಫೋನು ಬದಲಿಸುವ ಅಭ್ಯಾಸವಿದ್ದವರಿಗೆ ಇದೇ ಫೋನು ದುಬಾರಿಯಾಗುತ್ತದೆ. ಹಳೆಯದನ್ನು ವಿನಿಮಯಕ್ಕೆ ಕೊಟ್ಟಾಗ ಸಿಗುವ ಹಣ ಆ ಭಾರವನ್ನು ಸ್ವಲ್ಪ ಇಳಿಸಬಹುದು, ಪೂರ್ತಿ ಇಳಿಸದು. ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಫೋನುಗಳು ಹೆಚ್ಚು ಕಾಲ ಬಾಳಿಕೆ ಬಂದಷ್ಟೂ ಜನರಿಗೆ ಉಳಿತಾಯ, ಆದರೆ ಮಾರಾಟದ ಅಂಕಿ ಇಳಿಯುತ್ತದೆ. ಹೀಗೆ ಜನರಿಗೆ ಒಳ್ಳೆಯದಾದಾಗ ಕುಗ್ಗಬಲ್ಲ ಅಂಕಿಯನ್ನು ಅವರ ಕ್ಷೇಮದ ಅಳತೆಗೋಲಾಗಿ ಹಿಡಿಯುವಾಗ ಎಚ್ಚರ ಬೇಕು.

ಇನ್ನು ಸಾಲದ ಸೌಲಭ್ಯ. ನಾನು ಕೊಂಡದ್ದು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆಯ ಒಂದು ಮೊಬೈಲ್ ಅಂಗಡಿಯಲ್ಲಿ, ದೀಪಾವಳಿಯ ಹೊತ್ತಿಗೆ. ಒಳಗೆ ಕಾಲಿಟ್ಟವರಿಗೆ ಬರುತ್ತಿದ್ದ ಮೊದಲ ಪ್ರಶ್ನೆ ಯಾವ ಫೋನು ಬೇಕೆಂಬುದೂ ಆಗಿರಲಿಲ್ಲ, ಎಷ್ಟು ಬೆಲೆಯೊಳಗೆ ಬೇಕೆಂಬುದೂ ಆಗಿರಲಿಲ್ಲ. “ತಿಂಗಳಿಗೆ ಎಷ್ಟ್ ಕಟ್ತೀರಿ ಸರ್, ಅದನ್ನ ಹೇಳ್ರಿ, ಫೋನ್ ನಾ ತೋರಸ್ತೀನಿ” ಎನ್ನುತ್ತಿದ್ದರು. ಈ ಒಂದು ಪ್ರಶ್ನೆ ಇಡೀ ವ್ಯಾಪಾರದ ಸ್ವರೂಪವನ್ನೇ ಬದಲಿಸಿಬಿಡುತ್ತದೆ. ₹82,900ನ್ನು 24 ಕಂತಿಗೆ ಹಂಚಿದರೆ ಬಡ್ಡಿ ಬಿಟ್ಟು ತಿಂಗಳಿಗೆ ₹3,454 ಆಗುತ್ತದೆ. ₹40,000ದ ಫೋನು ಕೊಳ್ಳಲು ಹನ್ನೆರಡು ಕಂತಿನ ಲೆಕ್ಕದಲ್ಲಿ ತಿಂಗಳಿಗೆ ₹3,300ರಷ್ಟು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ, ಕಂತಿನ ಸಂಖ್ಯೆಯನ್ನು ಎರಡರಷ್ಟು ಮಾಡಿದ ಮಾತ್ರಕ್ಕೆ ದುಪ್ಪಟ್ಟು ಬೆಲೆಯ ಫೋನು ಕೈಗೆಟುಕಿದಂತೆ ಕಾಣುತ್ತದೆ. ನನ್ನ ಪಕ್ಕದಲ್ಲಿ ನಿಂತಿದ್ದ ಒಬ್ಬ ತರುಣ ಹೀಗೆಯೇ ಎರಡು ಮೆಟ್ಟಿಲು ಮೇಲೇರಿದ್ದನ್ನು ಕಣ್ಣಾರೆ ಕಂಡೆ. ಅವನ ಸಂಬಳ ಆ ಅರ್ಧ ಗಂಟೆಯಲ್ಲಿ ಒಂದು ರೂಪಾಯಿಯೂ ಏರಿರಲಿಲ್ಲ. ಆದರೂ ಮಾರಾಟದ ವರದಿಯಲ್ಲಿ ಅವನು ಒಬ್ಬ ದುಬಾರಿ ಫೋನಿನ ಗ್ರಾಹಕನಾಗಿ, ಅಂದರೆ ‘ಬೆಳೆಯುತ್ತಿರುವ ಬೇಡಿಕೆ’ಯ ಒಂದು ಅಂಕಿಯಾಗಿ ಸೇರಿಕೊಂಡ.

ಸಾಲ ಮಂಜೂರಾಗುವ ವೇಗ ಬೆರಗು ಹುಟ್ಟಿಸುವಂಥದ್ದು. ಹಣಕಾಸು ಕಂಪನಿಯ ಪ್ರತಿನಿಧಿ ಅಂಗಡಿಯಲ್ಲೇ ಒಂದು ಮೇಜು ಹಾಕಿಕೊಂಡು ಕುಳಿತಿದ್ದರು. ಪ್ಯಾನ್ ಸಂಖ್ಯೆ, ಆಧಾರ್ ಒಟಿಪಿ, ಟ್ಯಾಬ್‌ನ ಮುಂದೆ ಕಣ್ಣು ಮಿಟುಕಿಸಿ ತೆಗೆಸಿಕೊಳ್ಳುವ ಫೋಟೊ, ಬ್ಯಾಂಕ್ ಖಾತೆಯಿಂದ ಕಂತು ತಾನಾಗಿ ಕಡಿತವಾಗಲು ಕೊಡುವ ಒಪ್ಪಿಗೆ. ಚಹಾ ತರಿಸಿ ಕುಡಿಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅವರ ನಡವಳಿಕೆ ಸೌಜನ್ಯದ್ದಾಗಿತ್ತು, ಕೇಳಿದ್ದಕ್ಕೆ ತಾಳ್ಮೆಯಿಂದ ಉತ್ತರ ಹೇಳಿದರು. ಆದರೆ ನಾನು ಕೇಳದೆಯೇ ಪರದೆ ಒಡೆದರೆ ರಿಪೇರಿ ಮಾಡಿಕೊಡುವ ಒಂದು ಯೋಜನೆಯನ್ನು ಸಾಲದ ಮೊತ್ತಕ್ಕೆ ಸೇರಿಸಿಬಿಟ್ಟಿದ್ದರು. ಕಂತಿನ ಅಂಕಿ ನಾನು ಹಾಕಿದ ಲೆಕ್ಕಕ್ಕೆ ಹೊಂದದೆ ಇದ್ದುದರಿಂದ ಅದು ಗೊತ್ತಾಯಿತು, ಹೇಳಿದ ಕೂಡಲೇ ತೆಗೆದರು. ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿಯ ವ್ಯತ್ಯಾಸವನ್ನು ಹಬ್ಬದ ಗದ್ದಲದಲ್ಲಿ ಎಷ್ಟು ಜನ ಗಮನಿಸುತ್ತಾರೆ?

‘ನೋ ಕಾಸ್ಟ್’ ಎಂಬ ಹೆಸರಿನ ಒಳಗಿನ ಲೆಕ್ಕ ಹೀಗಿದೆ. ₹82,900ನ್ನು ಆರು ಕಂತು ಮಾಡಿದರೆ ತಿಂಗಳಿಗೆ ₹13,817. ಬಡ್ಡಿದರ ವರ್ಷಕ್ಕೆ ಶೇ 16 ಎಂದು ಹಿಡಿದರೆ, ಇಂಥ ಆರು ಕಂತಿನಲ್ಲಿ ತೀರುವ ಸಾಲದ ಅಸಲು ಸುಮಾರು ₹79,165 ಮಾತ್ರ. ಮಿಕ್ಕ ₹3,735 ಬಡ್ಡಿ. ಆ ಬಡ್ಡಿಯಷ್ಟು ಹಣವನ್ನು ತಯಾರಕರೋ ಮಾರಾಟಗಾರರೋ ರಿಯಾಯಿತಿಯ ರೂಪದಲ್ಲಿ ಸಾಲ ಕೊಡುವವರಿಗೆ ಬಿಟ್ಟುಕೊಡುತ್ತಾರೆ, ಗ್ರಾಹಕರಿಗೆ ಕಾಣುವುದು ಮುದ್ರಿತ ಬೆಲೆಯ ಆರನೆಯ ಒಂದು ಭಾಗ. ಇದರ ಮೇಲೆ ಪ್ರೊಸೆಸಿಂಗ್ ಶುಲ್ಕ, ಆ ಶುಲ್ಕಕ್ಕೆ ಶೇ 18 ಜಿಎಸ್‌ಟಿ. ಕ್ರೆಡಿಟ್ ಕಾರ್ಡಿನ ಮೂಲಕ ಕಂತು ಮಾಡಿಕೊಂಡವರಿಗೆ ಬಡ್ಡಿಯ ಮೇಲೂ ಶೇ 18 ಜಿಎಸ್‌ಟಿ ಬೀಳುತ್ತದೆ, ಏಕೆಂದರೆ ಸಾಮಾನ್ಯ ಸಾಲದ ಬಡ್ಡಿಗಿರುವ ಜಿಎಸ್‌ಟಿ ವಿನಾಯಿತಿ ಕಾರ್ಡಿನ ಬಡ್ಡಿಗೆ ಇಲ್ಲ. ಮೇಲಿನ ಲೆಕ್ಕದಲ್ಲಿ ಅದು ₹672 ಆಗುತ್ತದೆ. ಬೀಳುವ ಖರ್ಚು ಇಷ್ಟೇ ಅಲ್ಲ. ಪೂರ್ತಿ ಹಣ ಒಮ್ಮೆಲೇ ಕೊಟ್ಟರೆ ಬೆಲೆ ಕಡಿಮೆಯಾಗುತ್ತದೆಯೇ ಎಂದು ಕೇಳಿದಾಗ ಅಂಗಡಿಯವರು ₹2,500 ಬಿಡುವುದಾಗಿ ಹೇಳಿದರು. ಅಂದಮೇಲೆ ಕಂತು ಆರಿಸಿಕೊಂಡ ಗ್ರಾಹಕ ಆ ₹2,500ನ್ನು ಕಳೆದುಕೊಂಡೇ ಹೊರಡುತ್ತಾನೆ. ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್ 17ರ ಸುತ್ತೋಲೆಯಲ್ಲೇ ಶೂನ್ಯ ಬಡ್ಡಿ ಎಂಬುದು ಅಸ್ತಿತ್ವದಲ್ಲೇ ಇಲ್ಲವೆಂದು ಹೇಳಿ, ಇಂಥ ಯೋಜನೆಗಳ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಹನ್ನೆರಡು ವರ್ಷಗಳ ನಂತರವೂ ಬೇರೆ ಹೆಸರಿನಲ್ಲಿ ಅದೇ ಪದ್ಧತಿ ಹಬ್ಬದ ಜಾಹೀರಾತುಗಳ ತಲೆಬರಹದಲ್ಲಿದೆ.

2024ರ ಅಕ್ಟೋಬರ್ 1ರಿಂದ, ಕ್ರೆಡಿಟ್ ಕಾರ್ಡಿನ ಸಾಲ ಬಿಟ್ಟು, ಎಲ್ಲ ಹೊಸ ಚಿಲ್ಲರೆ ಸಾಲಗಳಿಗೂ ಮುಖ್ಯ ವಿವರಗಳ ಪತ್ರವೊಂದನ್ನು ಕೊಡುವುದು ಕಡ್ಡಾಯವಾಗಿದೆ. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರಬೇಕು, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿರಬೇಕು. ನನಗೆ ಬಂದ ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದ ಪ್ರತಿ ಕೇಳಿದೆ. ಮೇಜಿನಲ್ಲಿದ್ದವರಿಗೆ ಅದನ್ನು ಎಲ್ಲಿಂದ ತೆಗೆಯಬೇಕೆಂದು ಗೊತ್ತಿರಲಿಲ್ಲ, ಮೇಲಿನವರಿಗೆ ಕರೆ ಮಾಡಿ ಕೇಳಿ ಕಳುಹಿಸಿಕೊಟ್ಟರು. ಅಂದರೆ ಕನ್ನಡದ ಪ್ರತಿ ಇದೆ, ಕೇಳುವವರಿಲ್ಲ. ಕಂತಿನ ಸಾಲ ಪಡೆಯುವ ಪ್ರತಿಯೊಬ್ಬರೂ ಅದನ್ನು ಕೇಳಿ ಪಡೆದು, ವಾರ್ಷಿಕ ದರದ ಸಾಲನ್ನು ಓದಿದ ಮೇಲೆಯೇ ಒಟಿಪಿ ಹೇಳಬೇಕು ಎಂಬುದು ನನ್ನ ಕಳಕಳಿಯ ಮಾತು.

ಈಗ, ಈ ಮೇಜಿನಿಂದ ದೇಶದ ಆರ್ಥಿಕತೆಯ ಪ್ರಶ್ನೆಗೆ. ಮಾರುಕಟ್ಟೆ ಸಂಶೋಧನಾ ಸಂಸ್ಥೆ ಐಡಿಸಿಯ ಲೆಕ್ಕದಂತೆ ಭಾರತದಲ್ಲಿ 2021ರಲ್ಲಿ ಸುಮಾರು 16.1 ಕೋಟಿ ಸ್ಮಾರ್ಟ್‌ಫೋನುಗಳು ಮಾರುಕಟ್ಟೆಗೆ ಬಂದವು. 2022ರಲ್ಲಿ ಅದು 14.4 ಕೋಟಿಗೆ ಕುಸಿಯಿತು, 2023ರಲ್ಲಿ 14.6 ಕೋಟಿ, 2024ರಲ್ಲಿ 15.1 ಕೋಟಿ. ಮೂರು ವರ್ಷ ಕಳೆದರೂ ಸಂಖ್ಯೆ ಹಳೆಯ ಮಟ್ಟಕ್ಕೆ ಮರಳಲಿಲ್ಲ. ಇದೇ ಅವಧಿಯಲ್ಲಿ ಒಂದು ಫೋನಿನ ಸರಾಸರಿ ಬೆಲೆ 2022ರ ಸುಮಾರು 224 ಡಾಲರ್‌ನಿಂದ 2024ರಲ್ಲಿ 259 ಡಾಲರ್‌ಗೆ ಏರಿತು, ಆಪಲ್ 2024ರಲ್ಲಿ ಸುಮಾರು 1.2 ಕೋಟಿ ಐಫೋನುಗಳನ್ನು ಪೂರೈಸಿ ಹಿಂದಿನ ವರ್ಷಕ್ಕಿಂತ ಮೂರನೆಯ ಒಂದು ಭಾಗದಷ್ಟು ಹೆಚ್ಚಳ ಕಂಡಿತು. ಒಟ್ಟು ವಹಿವಾಟಿನ ಮೌಲ್ಯವನ್ನಷ್ಟೇ ನೋಡಿದವರಿಗೆ ಇದು ಸಂಭ್ರಮದ ಕಥೆ. ಕೊಳ್ಳುವವರ ಸಂಖ್ಯೆಯನ್ನು ನೋಡಿದವರಿಗೆ, ಮೇಲಿನ ಸಾಲಿನವರು ಇನ್ನೂ ಮೇಲಕ್ಕೆ ಹೋಗುತ್ತಿರುವಾಗ ಕೆಳಗಿನ ಸಾಲಿನವರು ಹಳೆಯ ಫೋನಿನಲ್ಲೇ ದಿನ ದೂಡುತ್ತಿದ್ದಾರೆ ಎಂಬುದು ಕಾಣುತ್ತದೆ. ಸರಾಸರಿ ಬೆಲೆ ಏರಿದ್ದಕ್ಕೆ ಜನರ ಸಿರಿವಂತಿಕೆಯೊಂದೇ ಕಾರಣವೂ ಅಲ್ಲ. 5ಜಿ ಫೋನುಗಳು ಬಂದಂತೆ ಅಗ್ಗದ 4ಜಿ ಮಾದರಿಗಳು ಅಂಗಡಿಯಿಂದ ಮರೆಯಾದವು, ಬಿಡಿಭಾಗಗಳು ತುಟ್ಟಿಯಾದವು.

ಈ ಫೋನಿನ ಬೆಲೆಯನ್ನು ಸರ್ಕಾರದ್ದೇ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪಕ್ಕದಲ್ಲಿಟ್ಟು ನೋಡಬೇಕು. 2023-24ರಲ್ಲಿ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ ಗ್ರಾಮೀಣ ಭಾರತದಲ್ಲಿ ₹4,122, ನಗರ ಭಾರತದಲ್ಲಿ ₹6,996. ಅಂದರೆ ₹82,900 ಎಂಬುದು ಹಳ್ಳಿಯ ಒಬ್ಬ ವ್ಯಕ್ತಿಯ ಇಪ್ಪತ್ತು ತಿಂಗಳ ಊಟ, ಬಟ್ಟೆ, ಔಷಧ, ಓಡಾಟ ಎಲ್ಲವೂ ಸೇರಿದ ಖರ್ಚು. ನಗರದಲ್ಲಿ ಸುಮಾರು ಹನ್ನೆರಡು ತಿಂಗಳದ್ದು. ಇಂಥ ದೇಶದಲ್ಲಿ ಈ ಫೋನಿನ ಬೇಡಿಕೆ ಎಷ್ಟೇ ಏರಿದರೂ ಅದು ಸರಾಸರಿ ಮನೆಯ ಬಾಗಿಲ ಒಳಗಿನ ಸುದ್ದಿಯನ್ನು ಹೇಳಲಾರದು.

ಹೆಚ್ಚುಕಡಿಮೆ ಇದೇ ಬೆಲೆಗೆ ಸಿಗುವ ಮತ್ತೊಂದು ಸರಕಿದೆ: ನೂರು ಸಿಸಿಯ ಸಾಮಾನ್ಯ ಮೋಟಾರ್ ಸೈಕಲ್. ಹಾಲು ಹಾಕುವವರು, ಗಾರೆ ಕೆಲಸದವರು, ಊರೂರು ತಿರುಗಿ ವ್ಯಾಪಾರ ಮಾಡುವವರು, ಸಣ್ಣ ರೈತರು ಕೊಳ್ಳುವ ಬೈಕು ಅದು. ವಾಹನ ತಯಾರಕರ ಒಕ್ಕೂಟ ಸಿಯಾಮ್‌ನ ಅಂಕಿಯಂತೆ ದೇಶದಲ್ಲಿ 2018-19ರಲ್ಲಿ ಸುಮಾರು 2.12 ಕೋಟಿ ದ್ವಿಚಕ್ರ ವಾಹನಗಳು ಮಾರಾಟವಾಗಿದ್ದವು. ಆರು ವರ್ಷಗಳ ನಂತರ, 2024-25ರಲ್ಲಿ, ಆ ಸಂಖ್ಯೆ ಸುಮಾರು 1.96 ಕೋಟಿ. ಇಷ್ಟರಲ್ಲಿ ಜನಸಂಖ್ಯೆ ಬೆಳೆದಿದೆ, ಜಿಡಿಪಿ ಬೆಳೆದಿದೆ, ಐಫೋನಿನ ಮಾರಾಟ ಹಲವು ಪಟ್ಟು ಬೆಳೆದಿದೆ, ಆದರೆ ದುಡಿಮೆಗೆ ಹೋಗಲು ಬೇಕಾದ ಬೈಕಿನ ಮಾರಾಟ ಆಗಲೂ ಹಿಂದಿನ ಗುರುತನ್ನು ಮುಟ್ಟಿರಲಿಲ್ಲ. ಬೈಕಿನ ಬೆಲೆ ಏರಿದ್ದೂ ಇದಕ್ಕೆ ಒಂದು ಕಾರಣವೇ. ಆದರೆ ಬೆಲೆ ಏರಿದರೂ ಕೊಳ್ಳಬಲ್ಲವರು ಯಾರು, ಹಿಂದೆ ಸರಿದವರು ಯಾರು ಎಂಬುದೇ ಇಲ್ಲಿರುವ ಪ್ರಶ್ನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಲಾಯಿತು. ಅಲ್ಲಿಯವರೆಗೆ ದುಡಿಯುವವರ ಬೈಕಿಗೆ ದುಬಾರಿ ಫೋನಿಗಿಂತ ಹೆಚ್ಚಿನ ತೆರಿಗೆ ಇತ್ತೆಂಬುದು ನನಗೆ ಎಂದೂ ಸರಿಯೆನಿಸಿರಲಿಲ್ಲ. ಆರ್ಥಿಕ ಆರೋಗ್ಯದ ಗುರುತಾಗಿ ಒಂದೇ ಒಂದು ಸರಕನ್ನು ಆರಿಸಿಕೊಳ್ಳಿ ಎಂದರೆ ನಾನು ಫೋನನ್ನು ಬಿಟ್ಟು ಈ ಬೈಕನ್ನೇ ಆರಿಸುತ್ತೇನೆ.

ಫೋನಿನಿಂದ ಜಿಡಿಪಿಯನ್ನು ಅಳೆಯುವ ಪ್ರಯತ್ನ ಹಿಂದೆ ಅಮೆರಿಕದಲ್ಲಿ ಗಂಭೀರವಾಗಿಯೇ ನಡೆದಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಐಫೋನ್ 5 ಬರುವ ಹೊತ್ತಿಗೆ ಜೆ.ಪಿ. ಮಾರ್ಗನ್‌ನ ಅರ್ಥಶಾಸ್ತ್ರಜ್ಞ ಮೈಕೆಲ್ ಫೆರೋಲಿ, ಆ ಒಂದು ಫೋನಿನಿಂದಲೇ ವರ್ಷದ ಕೊನೆಯ ತ್ರೈಮಾಸಿಕದ ವಾರ್ಷಿಕ ಬೆಳವಣಿಗೆ ದರ ಶೇಕಡಾ ಕಾಲು ಅಂಶದಿಂದ ಅರ್ಧ ಅಂಶದಷ್ಟು ಹೆಚ್ಚಬಹುದು ಎಂದು ಅಂದಾಜು ಮಾಡಿದರು. ಅವರ ಲೆಕ್ಕ ನೇರವಾಗಿತ್ತು: ಫೋನಿಗೆ 600 ಡಾಲರ್, ಅದರಲ್ಲಿ ಆಮದಿನ ಪಾಲು 200 ಡಾಲರ್, ಉಳಿದ 400 ಡಾಲರ್ ದೇಶದ ಉತ್ಪನ್ನಕ್ಕೆ ಜಮೆ, 80 ಲಕ್ಷ ಫೋನು ಮಾರಾಟವಾದರೆ 320 ಕೋಟಿ ಡಾಲರ್. ಫೋನು ಚೆನ್ನಾಗಿಯೇ ಮಾರಾಟವಾಯಿತು; ಆ ತ್ರೈಮಾಸಿಕದಲ್ಲಿ ಆಪಲ್ ಜಗತ್ತಿನಾದ್ಯಂತ 4.78 ಕೋಟಿ ಐಫೋನುಗಳನ್ನು ಮಾರಿತು, ಅಲ್ಲಿಯವರೆಗೆ ಅದು ದಾಖಲೆ. ಆದರೆ 2013ರ ಜನವರಿಯಲ್ಲಿ ಬಂದ ಮೊದಲ ಅಂದಾಜಿನಲ್ಲಿ ಅಮೆರಿಕದ ಜಿಡಿಪಿ ಅದೇ ತ್ರೈಮಾಸಿಕದಲ್ಲಿ ವಾರ್ಷಿಕ ಶೇ 0.1ರಷ್ಟು ಕುಗ್ಗಿತ್ತು. ರಕ್ಷಣಾ ವೆಚ್ಚ ತೀವ್ರವಾಗಿ ಇಳಿದದ್ದು, ವ್ಯಾಪಾರಿಗಳು ದಾಸ್ತಾನು ಕಡಿಮೆ ಮಾಡಿದ್ದು ಅದಕ್ಕೆ ಕಾರಣವಾಗಿದ್ದವು. ಮುಂದಿನ ಪರಿಷ್ಕರಣೆಯಲ್ಲಿ ಆ ಅಂಕಿ ಶೂನ್ಯಕ್ಕಿಂತ ಸ್ವಲ್ಪ ಮೇಲೆ ಬಂದಿತಾದರೂ ದಾಖಲೆ ಮಾರಾಟದ ಫೋನು ಬೆಳವಣಿಗೆಯನ್ನು ಎತ್ತಿ ಹಿಡಿಯಲಿಲ್ಲ. ಫೆರೋಲಿಯವರ ಲೆಕ್ಕದಲ್ಲಿ ಒಂದು ಒಳ್ಳೆಯ ಅಂಶವಿತ್ತು, ಅವರು ಆಮದಿನ ಪಾಲನ್ನು ಕಳೆದಿದ್ದರು. ನಮ್ಮಲ್ಲಿ ಮಾರಾಟದ ಸಂಭ್ರಮ ಪಡುವವರು ಬಹಳ ಸಲ ಅಷ್ಟನ್ನೂ ಮಾಡುವುದಿಲ್ಲ.

ನಮ್ಮಲ್ಲಿ ಈ ಫೋನಿನ ಹಣ ಎಲ್ಲಿಗೆ ಹೋಗುತ್ತದೆ? ₹82,900ರಲ್ಲಿ ಜಿಎಸ್‌ಟಿಯೇ ₹12,646. ಚಿಪ್ ತೈವಾನಿನಲ್ಲಿ ತಯಾರಾಗುತ್ತದೆ, ಕ್ಯಾಮೆರಾ ಸಂವೇದಕ ಜಪಾನಿನದು. ಜೋಡಣೆ ಈಗ ನಮ್ಮಲ್ಲೂ ಆಗುತ್ತಿದೆ. ಕರ್ನಾಟಕದವರಿಗೆ ಇದು ದೂರದ ಮಾತಲ್ಲ. ದೇವನಹಳ್ಳಿಯ ಬಳಿ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಲ್ಲಿ ಐಫೋನ್ 17ರ ಜೋಡಣೆ ಆರಂಭವಾಯಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಕಟ್ಟಿದ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ಕೊಂಡಿತು. 2024-25ರಲ್ಲಿ ಭಾರತದಿಂದ ಸುಮಾರು ₹1.5 ಲಕ್ಷ ಕೋಟಿ ಮೌಲ್ಯದ ಐಫೋನುಗಳು ರಫ್ತಾದವು ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಹೇಳಿದ್ದರು. ಸಾವಿರಾರು ಹೆಣ್ಣುಮಕ್ಕಳಿಗೆ ಮೊದಲ ಸಂಬಳದ ಕೆಲಸ ಕೊಟ್ಟಿರುವ ಈ ಉದ್ಯಮವನ್ನು ನಾನು ಬಹಳ ಮಹತ್ವದ್ದೆಂದು ಭಾವಿಸುತ್ತೇನೆ, ಅಲ್ಲಿ ಆಗುತ್ತಿರುವ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಫೋನು ತಯಾರಿಸಿ ಹೊರದೇಶಕ್ಕೆ ಮಾರುವುದು ಒಂದು ಸಂಗತಿ, ನಮ್ಮವರು ಫೋನು ಕೊಳ್ಳುವುದು ಇನ್ನೊಂದು. ಮೊದಲನೆಯದು ಸಂಬಳವನ್ನು ತರುತ್ತದೆ, ಎರಡನೆಯದು ಸಂಬಳವನ್ನು ಖರ್ಚು ಮಾಡಿಸುತ್ತದೆ. ಆರೋಗ್ಯವನ್ನು ನೋಡಬೇಕಾದದ್ದು ಅಲ್ಲಿ ದುಡಿಯುವವರ ಸಂಬಳ ಮತ್ತು ಕೆಲಸದ ಭದ್ರತೆಯಲ್ಲಿ. 2020ರ ಡಿಸೆಂಬರ್‌ನಲ್ಲಿ ನರಸಾಪುರದಲ್ಲಿ ಸಂಬಳದ ವಿವಾದವೇ ಹಿಂಸಾಚಾರಕ್ಕೆ ತಿರುಗಿದ್ದನ್ನು ಈ ರಾಜ್ಯ ಮರೆಯಬಾರದು. ಆ ವರ್ಷವೂ ನಮ್ಮ ನಗರಗಳಲ್ಲಿ ದುಬಾರಿ ಫೋನುಗಳ ವ್ಯಾಪಾರ ನಡೆದೇ ಇತ್ತು.

ಸಾಲದ ಕಡೆಗೆ ಮರಳಿದರೆ, ಮಾರಾಟದ ಅಂಕಿಗಿಂತ ಹೆಚ್ಚು ಯೋಚಿಸುವಂತೆ ಮಾಡುವುದು ಮನೆಗಳ ಉಳಿತಾಯ. ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ, ಅಂದರೆ ಹೊಸ ಸಾಲವನ್ನು ಕಳೆದು ಉಳಿದದ್ದು, 2020-21ರಲ್ಲಿ ಜಿಡಿಪಿಯ ಶೇ 11ಕ್ಕಿಂತ ಹೆಚ್ಚಿದ್ದದ್ದು 2022-23ರಲ್ಲಿ ಸುಮಾರು ಶೇ 5ಕ್ಕೆ ಇಳಿಯಿತು. ಅಷ್ಟು ಕೆಳಮಟ್ಟವನ್ನು ದೇಶ ದಶಕಗಳಿಂದ ಕಂಡಿರಲಿಲ್ಲ. ಲಾಕ್‌ಡೌನ್ ಕಾಲದ ಉಳಿತಾಯ ಅಸಹಜವಾಗಿ ಏರಿತ್ತು ಎಂಬುದೂ, ಆನಂತರ ಜನ ಸಾಲ ಮಾಡಿ ಮನೆ, ನಿವೇಶನ ಕೊಂಡದ್ದು ಈ ಇಳಿಕೆಯ ಒಂದು ಭಾಗವೆಂಬುದೂ ನಿಜ, ಅದನ್ನೆಲ್ಲ ಫೋನಿನ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಭದ್ರತೆಯಿಲ್ಲದ ಸಣ್ಣ ಸಾಲಗಳು ಬೆಳೆದ ವೇಗ ರಿಸರ್ವ್ ಬ್ಯಾಂಕಿಗೇ ಆತಂಕ ತಂದಿತ್ತು. 2023ರ ನವೆಂಬರ್ 16ರಂದು ಅದು ಇಂಥ ಸಾಲಗಳ ಅಪಾಯ ತೂಕವನ್ನು ಶೇ 100ರಿಂದ ಶೇ 125ಕ್ಕೆ ಏರಿಸಿತು, ಅಂದರೆ ಇವುಗಳನ್ನು ಕೊಡುವ ಬ್ಯಾಂಕುಗಳು ಮತ್ತು ಹಣಕಾಸು ಕಂಪನಿಗಳು ಹೆಚ್ಚು ಬಂಡವಾಳ ಕಾದಿರಿಸಬೇಕಾಯಿತು. ಯಾವ ಸಾಲದಿಂದ ದುಬಾರಿ ಸರಕುಗಳ ಮಾರಾಟ ಏರುತ್ತಿತ್ತೋ ಅದೇ ಸಾಲವನ್ನು ಕೇಂದ್ರೀಯ ಬ್ಯಾಂಕು ಬಿಗಿ ಮಾಡಿತು. ಒಂದೇ ಸಂಗತಿಯನ್ನು ಅಂಗಡಿಯವರು ಬೇಡಿಕೆ ಎಂದು ಕಂಡರು, ರಿಸರ್ವ್ ಬ್ಯಾಂಕು ಅಪಾಯ ಎಂದು ಕಂಡಿತು.

ಹಾಗೆಂದು ಈ ಮಾರಾಟದಲ್ಲಿ ಶುಭಸೂಚನೆ ಏನೂ ಇಲ್ಲವೆಂದರೆ ಅದು ಸರಿಯಾಗದು. 24 ಕಂತಿಗೆ ಒಪ್ಪುವ ವ್ಯಕ್ತಿ ಎರಡು ವರ್ಷ ತನ್ನ ಕೆಲಸ ಉಳಿಯುತ್ತದೆ ಎಂದು ನಂಬಿದ್ದಾನೆ, ಸಾಲ ಕೊಡುವವರೂ ಹಾಗೆಯೇ ನಂಬಿದ್ದಾರೆ. ಆ ನಂಬಿಕೆಗೆ ಬೆಲೆಯಿದೆ. ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ 2025ರ ಫೆಬ್ರುವರಿಯಿಂದ ಇಳಿಯುತ್ತಾ ಬಂದದ್ದು, ₹12 ಲಕ್ಷದವರೆಗಿನ ವರಮಾನಕ್ಕೆ ಆದಾಯ ತೆರಿಗೆ ಇಲ್ಲವಾದದ್ದು ಮಧ್ಯಮ ವರ್ಗದ ಕೈಯಲ್ಲಿ ಒಂದಿಷ್ಟು ಹಣ ಉಳಿಸಿದೆ, ಅದರ ಒಂದು ಪಾಲು ಫೋನಿಗೆ ಹೋಗಿದ್ದರೆ ಆಶ್ಚರ್ಯವಿಲ್ಲ. ಆದರೂ ಕಷ್ಟಕಾಲದಲ್ಲಿ ಜನ ದೊಡ್ಡ ಖರ್ಚನ್ನು ಮುಂದೂಡಿ ಸಣ್ಣ ಭೋಗದಲ್ಲಿ ಸಮಾಧಾನ ಪಡುತ್ತಾರೆಂಬ ಮಾತೂ ಇದೆ. ಪ್ರಸಾಧನ ಸಾಮಗ್ರಿಯ ಉದ್ಯಮಿ ಲಿಯೊನಾರ್ಡ್ ಲಾಡರ್ 2001ರ ಹಿಂಜರಿತದ ಹೊತ್ತಿನಲ್ಲಿ ಲಿಪ್‌ಸ್ಟಿಕ್ ಮಾರಾಟದ ಬಗ್ಗೆ ಇದನ್ನೇ ಹೇಳಿದ್ದರು. ಬೆಂಗಳೂರಿನಲ್ಲಿ ಕೆಲಸ ಮಾಡುವ, ಒಂದು ನಿವೇಶನದ ಬೆಲೆ ತಮ್ಮ ಜೀವಮಾನದ ಗಳಿಕೆಗೂ ಮೀರಿದ್ದೆಂದು ತೀರ್ಮಾನಿಸಿ ಆ ಆಸೆಯನ್ನೇ ಕೈಬಿಟ್ಟ ಎಷ್ಟೋ ಯುವಜನರು ನನಗೆ ಪರಿಚಿತರು. ಅವರ ಕೈಯಲ್ಲಿರುವ ಒಂದು ಲಕ್ಷದ ಫೋನನ್ನು ಸಮೃದ್ಧಿಯ ಗುರುತೆಂದು ಓದುವುದು ನನಗೆ ಸಾಧ್ಯವಾಗಿಲ್ಲ.

ಅದೇ ಅಂಗಡಿಯ ಒಳಭಾಗದಲ್ಲಿ ರಿಪೇರಿಯ ಮೇಜಿದೆ. ನನ್ನ ಫೋನಿನ ಕಾಗದಪತ್ರ ಮುಗಿಯುವವರೆಗೆ ಅಲ್ಲಿ ನಿಂತಿದ್ದೆ. ಕುಂದಗೋಳದ ಕಡೆಯಿಂದ ಬಂದಿದ್ದ ಒಬ್ಬ ತಾಯಿ, ಕಾಲೇಜಿಗೆ ಹೋಗುವ ಮಗಳ ಫೋನಿನ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ತೆರೆದುಕೊಂಡದ್ದನ್ನು ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಹೊಸದು ಹತ್ತು ಸಾವಿರದೊಳಗೆ ಏನಾದರೂ ಸಿಗುತ್ತದೆಯೇ ಎಂದು ಕೇಳಿ, ತೋರಿಸಿದ್ದನ್ನು ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಬ್ಯಾಟರಿಯನ್ನೇ ಬದಲಿಸಿಕೊಡಿ ಎಂದರು. ದುಡ್ಡನ್ನು ಸೆರಗಿನ ಗಂಟು ಬಿಚ್ಚಿ ಎಣಿಸಿಕೊಟ್ಟರು. “ಮೊದಲ ಈ ರೇಟಿನ ಫೋನ ದಿನಾ ಹೋಗ್ತಿದ್ವು ಸರ್, ಈಗ ಎಲ್ಲಾರೂ ಹಳೇದನ್ನ ರಿಪೇರಿ ಮಾಡಿಸ್ಕೋತಾರ” ಎಂದರು ರಿಪೇರಿಯವರು. ಒಂದು ಅಂಗಡಿಯ ಮಾತನ್ನು ದೇಶಕ್ಕೆಲ್ಲ ಹಬ್ಬಿಸಬಾರದು, ನಿಜ. ಆದರೆ ಮೇಲೆ ಹೇಳಿದ ಒಟ್ಟು ಸಂಖ್ಯೆಯ ಕುಸಿತ ಇಂಥ ಮೇಜುಗಳ ಮೇಲೆಯೇ ಆಗುತ್ತಿರುವುದರಿಂದ, ಮುಂದಿನ ಸಲ ಯಾರಾದರೂ ಫೋನಿನ ವ್ಯಾಪಾರದಿಂದ ಆರ್ಥಿಕತೆಯ ನಾಡಿ ಹಿಡಿಯಲು ಹೊರಟರೆ ಅವರು ಹೊಳೆಯುವ ಮುಂಭಾಗವನ್ನು ದಾಟಿ ಇಲ್ಲಿಯವರೆಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಹತ್ತು ಸಾವಿರದ ಫೋನಿನ ಮಾರಾಟ ಏರಿದ ವರ್ಷ ನನಗೆ ಹೆಚ್ಚು ಭರವಸೆಯ ವರ್ಷ.

ಕೊಳ್ಳುವವರಿಗೆ ನನ್ನ ಶಿಫಾರಸು ಹೀಗಿದೆ. ಐಫೋನ್ 17ನ್ನು ಐದಾರು ವರ್ಷ ಬಳಸುವ ಉದ್ದೇಶವಿದ್ದು, ಪೂರ್ತಿ ಬೆಲೆಯಷ್ಟು ಹಣ ಬ್ಯಾಂಕಿನಲ್ಲಿದ್ದೂ ಅದನ್ನು ಒಮ್ಮೆಲೇ ತೆಗೆಯಲು ಇಷ್ಟವಿಲ್ಲದವರು ಆರು ತಿಂಗಳ ಕಂತನ್ನು ಧೈರ್ಯವಾಗಿ ಬಳಸಬಹುದು. ಫೋನಿಗೆ ನನ್ನ ಅಂಕ ಐದಕ್ಕೆ ನಾಲ್ಕೂವರೆ, ಸಾಲದ ಸೌಲಭ್ಯಕ್ಕೆ ಎರಡೂವರೆ. ವೇಗ, ಸೌಜನ್ಯ ಎರಡೂ ಇದ್ದರೂ ಹೆಸರಿನಲ್ಲೇ ಬಡ್ಡಿಯನ್ನು ಮರೆಮಾಚುವುದಕ್ಕೆ, ಕೇಳದ ಯೋಜನೆಯನ್ನು ಸೇರಿಸುವುದಕ್ಕೆ ಅಂಕ ಕಡಿದಿದ್ದೇನೆ. ಬ್ಯಾಂಕಿನಲ್ಲಿ ಅಷ್ಟು ಹಣ ಇಲ್ಲದವರು ಕಂತಿನ ಅವಧಿಯನ್ನು ಹಿಗ್ಗಿಸುವ ಬದಲು ಫೋನಿನ ಬೆಲೆಯನ್ನು ತಗ್ಗಿಸಬೇಕು. ಯುಪಿಐ, ಬ್ಯಾಂಕಿನ ಆ್ಯಪ್, ಆನ್‌ಲೈನ್ ತರಗತಿ ಎಲ್ಲವನ್ನೂ ₹15,000ದ ಫೋನು ಚೆನ್ನಾಗಿಯೇ ನಿಭಾಯಿಸುತ್ತದೆ. ಸಾಲ ಪಡೆಯುವುದೇ ಆದರೆ ನಗದಿನ ಬೆಲೆಯನ್ನು ಮೊದಲು ಬರೆಸಿಕೊಳ್ಳಿ, ವಿವರಗಳ ಪತ್ರದ ಕನ್ನಡ ಪ್ರತಿಯನ್ನು ಕೇಳಿ, ಅವಧಿಗೆ ಮುಂಚೆ ತೀರಿಸಿದರೆ ಬೀಳುವ ಶುಲ್ಕವನ್ನು ವಿಚಾರಿಸಿ, ಕಂತು ಕಡಿತವಾಗುವ ದಿನಾಂಕ ಸಂಬಳ ಜಮೆಯಾಗುವ ದಿನದ ನಂತರ ಇರುವಂತೆ ನೋಡಿಕೊಳ್ಳಿ. ಖಾತೆಯಲ್ಲಿ ಹಣವಿಲ್ಲದೆ ಒಂದು ಕಂತು ತಪ್ಪಿದರೆ ಬ್ಯಾಂಕು ಒಂದು ದಂಡ, ಸಾಲ ಕೊಟ್ಟವರು ಇನ್ನೊಂದು ದಂಡ ಹಾಕುತ್ತಾರೆ, ಸಾಲ ತೀರಿಸಿದ ಚರಿತ್ರೆಯ ಸಿಬಿಲ್ ದಾಖಲೆಯಲ್ಲೂ ಅದು ಉಳಿಯುತ್ತದೆ. ಮುಂದೆ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನವರು ಮೊದಲು ತೆರೆದು ನೋಡುವುದು ಆ ದಾಖಲೆಯನ್ನೇ.